ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೂ ಇಂಪೆಲ್ಲರ್ ಯಾಕೆ ಬೇಗ ಸವೆಯುತ್ತದೆ?

"ಬಾಯ್ಲರ್ ಬೂದಿ ನೀರು ಎಳೆಯುವ ಪಂಪಿಗೆ ಬೀಡಿನ ಇಂಪೆಲ್ಲರ್ ಬಾಳಿಕೆ ಬರಲಿಲ್ಲ ಅಂತ 304 ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದೆವು. ದುಡ್ಡು ಜಾಸ್ತಿ ಆಯ್ತು, ಆಯಸ್ಸು ಜಾಸ್ತಿ ಆಗಲಿಲ್ಲ. ಯಾಕೆ?"

ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಂಪ್ ನೋಡಿಕೊಳ್ಳುವವರು ಕೇಳುವ ಪ್ರಶ್ನೆ ಇದು. ಇಂಪೆಲ್ಲರ್ ಅಂದರೆ ಪಂಪಿನೊಳಗೆ ತಿರುಗುತ್ತಾ ನೀರು ತಳ್ಳುವ ರೆಕ್ಕೆಚಕ್ರ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ (ಮರಳಿನಲ್ಲಿರುವ ಅದೇ ವಸ್ತು) ಜಾಸ್ತಿ. ಮಳೆಯಲ್ಲಿ ಕಡಿದ ಕಬ್ಬಾದರೆ ಗದ್ದೆಯ ಮಣ್ಣು, ಮರಳೂ ಜೊತೆಗೇ ಬರುತ್ತವೆ. 304 ಸ್ಟೀಲ್ ತುಕ್ಕಿಗೆ ಗಟ್ಟಿ, ಆದರೆ ಮರಳಿನ ಮುಂದೆ ಬಹಳ ಮೆತ್ತಗೆ. ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ ಸುಮಾರು 200, ಮರಳಿನ ಕ್ವಾರ್ಟ್ಸ್ 1000 ದಾಟುತ್ತದೆ. ಮೆತ್ತನೆ ಲೋಹಕ್ಕೆ ಕಣ ನೇರವಾಗಿ ಗುದ್ದುವುದಕ್ಕಿಂತ 15ರಿಂದ 30 ಡಿಗ್ರಿ ಓರೆಯಲ್ಲಿ ಉಜ್ಜಿಕೊಂಡು ಹೋದರೇ ಏಟು ಜಾಸ್ತಿ, ಬಡಗಿಯ ಉಜ್ಜುಗೊರಡಿನ ಹಾಗೆ ಹೆರೆದುಕೊಂಡೇ ಹೋಗುತ್ತದೆ.

ಹಳೇ ಇಂಪೆಲ್ಲರನ್ನು ಗುಜರಿಗೆ ಹಾಕುವ ಮುಂಚೆ ತೊಳೆದು ಬಿಸಿಲಲ್ಲಿ ಹಿಡಿದು ನೋಡಿ. ನೀರು ಹರಿದ ದಿಕ್ಕಿಗೇ ನುಣ್ಣಗೆ ಹೊಳೆಯುವ ಗೀರು, ಸಣ್ಣ ಅಲೆ ಅಲೆ, ರೆಕ್ಕೆಯ ತುದಿ ಬ್ಲೇಡಿನಷ್ಟು ತೆಳ್ಳಗೆ ಆಗಿದ್ದರೆ ಅದು ಮರಳಿನ ಸವೆತ. (ಬೆರಳು ಹುಷಾರು, ಆ ಅಂಚು ಕುಯ್ಯುತ್ತದೆ.) ನೀರು ಒಳಬರುವ ಕಡೆ ಸ್ಪಂಜಿನ ಹಾಗೆ ತೂತು ತೂತು ಇದ್ದರೆ ಕ್ಯಾವಿಟೇಶನ್, ಅಂದರೆ ಒತ್ತಡ ಕಮ್ಮಿಯಾಗಿ ನೀರಿನಲ್ಲೆದ್ದ ಆವಿಗುಳ್ಳೆಗಳು ಒಡೆದು ಲೋಹ ಕಿತ್ತದ್ದು. ಅದಕ್ಕೆ ಮೊದಲು ಸಕ್ಷನ್ (ಪಂಪಿಗೆ ನೀರು ಒಳಬರುವ ಕಡೆ) ಸರಿಮಾಡಬೇಕು, ಲೋಹ ಆಮೇಲಿನ ಮಾತು.

ಲೋಹಕ್ಕಿಂತ ಮೊದಲು ನಾನು ಕೇಳುವುದು ನೀರು ಹೊರಹೋಗುವ ಕಡೆಯ ಡೆಲಿವರಿ ವಾಲ್ವ್ ಎಷ್ಟು ತೆರೆದಿದೆ ಅಂತ. ಅರ್ಧ ಮುಚ್ಚಿಟ್ಟು ಓಡಿಸುತ್ತಿದ್ದರೆ ಪಂಪ್ ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತಿದೆ ಎಂದು ಸಾಮಾನ್ಯವಾಗಿ ಅರ್ಥ. ಸವೆತ ವೇಗದ ಜೊತೆ ಸಮಸಮ ಏರುವುದಿಲ್ಲ, ಹೆಚ್ಚುಕಮ್ಮಿ ಅದರ ಘನಕ್ಕೆ ಏರುತ್ತದೆ. 1450 ಆರ್‌ಪಿಎಂ ಅನ್ನು 1160ಕ್ಕೆ ಇಳಿಸಿದರೆ ಸವೆತ ಸುಮಾರು ಅರ್ಧಕ್ಕೆ ಬರುತ್ತದೆ. ಬೆಲ್ಟ್ ಪಂಪಾದರೆ ಒಂದು ಪುಲ್ಲಿ ಬದಲಾಯಿಸಿದರೆ ಸಾಕು. ಆದರೆ ಹೆಡ್, ಅಂದರೆ ಪಂಪ್ ನೀರನ್ನು ಎತ್ತುವ ಎತ್ತರ, 64 ಶೇಕಡಕ್ಕೆ ಇಳಿಯುತ್ತದೆ, ಅಷ್ಟು ಸಾಕಾಗುತ್ತದಾ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಇನ್ನು ಲೋಹ. ಇಂಥ ಕೆಲಸಕ್ಕೆ ಸುಮಾರು 27 ಶೇಕಡ ಕ್ರೋಮಿಯಂ ಇರುವ ಹೈ-ಕ್ರೋಮ್ ಬೀಡು ಸರಿ. ಅದರೊಳಗಿನ ಕ್ರೋಮಿಯಂ ಕಾರ್ಬೈಡ್ ಕಣಗಳು ಮರಳಿಗಿಂತಲೂ ಗಟ್ಟಿ. ಆದರೆ ಅದು ಪೆಡಸು. ದಪ್ಪ ಕಲ್ಲು ಬರುವ ಕಡೆ ಚಕ್ಕೆ ಏಳುತ್ತದೆ, ಸವೆದಾಗ ವೆಲ್ಡಿಂಗ್ ಮಾಡಿ ತುಂಬಿಸಲು ಹೋದರೆ ಬಿರುಕು ಬಿಡುತ್ತದೆ. ಕಣ ನುಣುಪಾಗಿದ್ದು, ಎಣ್ಣೆ ಇಲ್ಲದೆ, ನೀರು ಬಿಸಿ ಇಲ್ಲದಿದ್ದರೆ ರಬ್ಬರ್ ಲೈನಿಂಗೂ ಚೆನ್ನಾಗಿ ತಡೆಯುತ್ತದೆ.

ಫೌಂಡ್ರಿಗೆ ಆರ್ಡರ್ ಕೊಡುವಾಗ ಸುಮ್ನೆ "ಹೈ-ಕ್ರೋಮ್" ಅಂದು ಬಿಡಬೇಡಿ. ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಗಡಸುತನ ಎಷ್ಟು ಬಂತು ಅಂತ ರಿಪೋರ್ಟ್ ಕೇಳಿ. 600 ಬ್ರಿನೆಲ್ (ಗಡಸುತನದ ಇನ್ನೊಂದು ಅಳತೆ) ಆಸುಪಾಸಿಗೆ ಬರದಿದ್ದರೆ ವಾಪಸ್ ಕಳಿಸಿ.