ಚದುರಂಗದ ಮಣೆಯ ಚಿತ್ರ ಅಚ್ಚು ಹಾಕಲು ಯಾವ ಫಾಂಟ್, ಯಾವ ತಂತ್ರಾಂಶ?

ಪ್ರಶ್ನೆ: ಶಾಲೆಯ ಚೆಸ್ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಅಭ್ಯಾಸ ಪುಸ್ತಿಕೆ ಮಾಡುತ್ತಿದ್ದೇವೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಮಣೆಯ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಪ್ರೆಸ್ಸಿಗೆ ಕೊಟ್ಟರೆ ಕಾಯಿಗಳ ಬದಲು ಇಂಗ್ಲಿಷ್ ಅಕ್ಷರ ಬರುತ್ತದೆ. ಏನು ಮಾಡಬೇಕು? (ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಶಿಕ್ಷಕಿ)

ಉತ್ತರ: ಚದುರಂಗದ ಫಾಂಟ್ ಎಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕಾಯಿಗಳನ್ನು ಕೂರಿಸಿದ ಫಾಂಟ್. ಕಡತದೊಳಗೆ ಇರುವುದು ಬರೀ ಅಕ್ಷರ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅದು ಬೇರೊಂದನ್ನು ಹಾಕಿಕೊಳ್ಳುತ್ತದೆ, ಒಳಗಿನ ಅಕ್ಷರ ಬಯಲಿಗೆ ಬರುತ್ತದೆ. ಆದ್ದರಿಂದ ಬರೆದ ಕಡತವನ್ನು ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿ ನೋಡಿ. ಚದುರಂಗದ ಫಾಂಟಿನ ಹೆಸರಿನ ಪಕ್ಕ ‘ಎಂಬೆಡೆಡ್ ಸಬ್‌ಸೆಟ್’ (ಫಾಂಟ್ ಕಡತದೊಳಗೇ ಸೇರಿದೆ ಎಂದರ್ಥ) ಎಂದಿದ್ದರೆ ಯಾವ ಯಂತ್ರದಲ್ಲೂ ಕಾಯಿಗಳು ಕಾಯಿಗಳಾಗಿಯೇ ಬರುತ್ತವೆ.

ಫಾಂಟುಗಳಲ್ಲಿ ಮೊದಲು ಹುಡುಕಬೇಕಾದ್ದು ಅರ್ಮಾಂಡೊ ಮರೋಕಿನ್ ರೂಪಿಸಿದ ‘ಚೆಸ್ ಮೆರಿಡಾ’. ಎರಿಕ್ ಬೆಂಟ್ಸೆನ್ ಅವರ ‘ಚೆಸ್ ಆಲ್ಫಾ’ ಕೂಡ ಒಳ್ಳೆಯದೇ. ಪುಸ್ತಿಕೆಯನ್ನು ಮಾರುವುದಾದರೆ ಫಾಂಟಿನ ಜೊತೆ ಬರುವ ರೀಡ್‌ಮಿ ಕಡತದ ಷರತ್ತುಗಳನ್ನು ಓದಿಕೊಳ್ಳಿ. ನಮ್ಮ ಕಡೆಯ ಕೆಲಸಕ್ಕೆ ಮೆರಿಡಾ ಹೆಚ್ಚು ಹೊಂದುತ್ತದೆ. ಅದರ ಕಪ್ಪು ಮನೆಗಳು ಬೂದು ಬಣ್ಣದವಲ್ಲ, ಓರೆ ಗೆರೆ ಎಳೆದವು. ಜೆರಾಕ್ಸ್ ಯಂತ್ರದಲ್ಲಿ ಬೂದು ಬಣ್ಣ ಕಲೆಕಲೆಯಾಗಿ ಕಾಯಿಯನ್ನೇ ನುಂಗುತ್ತದೆ; ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಆದರೆ ಅಳತೆ ತೀರಾ ಇಳಿಸಿದರೆ ಗೆರೆಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 18 ಪಾಯಿಂಟಿನಲ್ಲಿ ಮಣೆ ಸುಮಾರು 5 ಸೆಂ.ಮೀ. ಅಗಲ ಬರುತ್ತದೆ, ಎ5 ಪುಟದಲ್ಲಿ ಎರಡು ಮಣೆ ಪಕ್ಕಪಕ್ಕ ಹಿಡಿಸುತ್ತವೆ.

ಮೆರಿಡಾದಲ್ಲಿ ಕುಟ್ಟುವ ಕ್ರಮ ಒಮ್ಮೆ ತಿಳಿದರೆ ಮರೆಯುವಂಥದ್ದಲ್ಲ. ಬಿಳಿ ಕಾಯಿಗಳಿಗೆ ಅವುಗಳ ಇಂಗ್ಲಿಷ್ ಹೆಸರಿನ ಅಕ್ಷರ: ಕೆ, ಕ್ಯೂ, ಆರ್, ಬಿ, ಪಿ, ಕುದುರೆಗೆ ಎನ್. ಕಪ್ಪು ಕಾಯಿಗೆ ಕೀಲಿಮಣೆಯಲ್ಲಿ ಅದರ ಪಕ್ಕದ ಕೀಲಿ: ಎಲ್, ಡಬ್ಲ್ಯು, ಟಿ, ವಿ, ಒ, ಎಂ, ಅದೇ ಸರಣಿಯಲ್ಲಿ. ಕಾಯಿ ಬಿಳಿ ಮನೆಯಲ್ಲಿದ್ದರೆ ಸಣ್ಣಕ್ಷರ, ಕಪ್ಪು ಮನೆಯಲ್ಲಿದ್ದರೆ ದೊಡ್ಡಕ್ಷರ. ಖಾಲಿ ಬಿಳಿ ಮನೆಗೆ ಸ್ಪೇಸ್, ಖಾಲಿ ಕಪ್ಪು ಮನೆಗೆ ಕೂಡಿಸುವ ಚಿಹ್ನೆ. ಕುಟ್ಟುವ ಮುನ್ನ ಕನ್ನಡ ಕೀಲಿಮಣೆಯನ್ನು ಆಫ್ ಮಾಡಿ.

ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆ, ಅದರಲ್ಲಿ ಲಿಬ್ರೆಆಫೀಸ್ ಮೊದಲೇ ಇರುತ್ತದೆ. ಫಾಂಟ್ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಲಿಬ್ರೆಆಫೀಸಿನ ಬರಹದ ತಂತ್ರಾಂಶ ರೈಟರ್ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ. ಎಂಟು ಸಾಲುಗಳನ್ನೂ ಶಿಫ್ಟ್ ಹಿಡಿದು ಎಂಟರ್ ಒತ್ತಿ ಒಂದೇ ಪ್ಯಾರಾ ಆಗಿ ಬರೆಯಿರಿ. ಫಾರ್ಮ್ಯಾಟ್‌ನ ಪ್ಯಾರಾಗ್ರಾಫ್‌ನಲ್ಲಿ ಸಾಲುಗಳ ಅಂತರವನ್ನು ‘ಫಿಕ್ಸೆಡ್’ ಮಾಡಿ, ಫಾಂಟಿನ ಅಳತೆಯನ್ನೇ ಕೊಡಿ: 18ಕ್ಕೆ 18. ಇದನ್ನು ಬಿಟ್ಟರೆ ಸಾಲುಸಾಲಿನ ನಡುವೆ ಬಿಳಿ ಪಟ್ಟಿ ಬಿದ್ದು ಮಣೆ ಸೀಳಿದಂತೆ ಕಾಣುತ್ತದೆ. ಜೋಡಣೆ ಎಡಕ್ಕಿರಲಿ, ಜಸ್ಟಿಫೈ ಮಾಡಿದರೆ ಸ್ಪೇಸ್‌ಗಳು ಹಿಗ್ಗಿ ಬಿಳಿ ಮನೆಗಳು ಅಗಲವಾಗುತ್ತವೆ.

ಕನ್ನಡ ಕಡತದಲ್ಲಿ ಮಾತ್ರ ಕಾಡುವ ತೊಂದರೆಯೊಂದಿದೆ. ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು, ಕನ್ನಡಕ್ಕೆ ಇನ್ನೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಸ್ಪೇಸ್ ಮತ್ತು ಚಿಹ್ನೆ ಮಾತ್ರ ಇರುವ ಸಾಲನ್ನು ಅದು ಕನ್ನಡವೆಂದು ಎಣಿಸಿದರೆ ಆ ಸಾಲು ಮಣೆಗಿಂತ ಕಿರಿದಾಗುತ್ತದೆ. ಕ್ಯಾರೆಕ್ಟರ್ ಕಿಟಕಿಯಲ್ಲಿ ವೆಸ್ಟರ್ನ್ (ಇಂಗ್ಲಿಷಿನದು), ಸಿಟಿಎಲ್ (ಕನ್ನಡದಂಥ ಲಿಪಿಗಳದು) ಎರಡರಲ್ಲೂ ಮೆರಿಡಾ ಮತ್ತು ಒಂದೇ ಅಳತೆ ಕೊಟ್ಟರೆ ಸರಿಹೋಗುತ್ತದೆ. ಆಟೊಕರೆಕ್ಟ್ ಅನ್ನೂ ನಿಲ್ಲಿಸಿ. ಸಾಲಿನ ಮೊದಲ ಅಕ್ಷರವನ್ನು ಅದು ದೊಡ್ಡದು ಮಾಡಿದರೆ ಬಿಳಿ ಮನೆ ಕಪ್ಪಾಗಿಬಿಡುತ್ತದೆ. ಮಣೆಯ ಬಲಗಡೆಯ ಕೆಳಮೂಲೆ ಬಿಳಿಯಾಗಿದೆಯೇ ಎಂದು ಪ್ರತಿ ಚಿತ್ರದಲ್ಲೂ ನೋಡಿ.

ಇನ್ನು ಪುಟ ಜೋಡಿಸಲು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶ ಬಳಸುವ ಪ್ರೆಸ್ಸುಗಳು. ಅಲ್ಲಿ ಯೂನಿಕೋಡ್ ಬರಹವನ್ನು ಹಳೆಯ ‘ನುಡಿ’ ಅಥವಾ ‘ಶ್ರೀಲಿಪಿ’ ಫಾಂಟಿಗೆ ಪರಿವರ್ತಿಸಿಕೊಳ್ಳುತ್ತಾರೆ. ಇಡೀ ಪುಟವನ್ನು ಆಯ್ದು ಫಾಂಟ್ ಬದಲಿಸಿದರೆ ಮಣೆಯೂ ಅದರ ಜೊತೆ ಹೋಗಿ ಗೊಜಲು ಕನ್ನಡವಾಗುತ್ತದೆ. ಅಂಥ ಕಡೆ ಪ್ರತಿ ಮಣೆಯನ್ನೂ ಬೇರೆ ಚಿತ್ರವಾಗಿ ಕೊಡುವುದೇ ಕ್ಷೇಮ. ಲಿಚೆಸ್ ಎಂಬ ಚೆಸ್ ಜಾಲತಾಣದ ಬೋರ್ಡ್ ಎಡಿಟರಿನಲ್ಲಿ ಕಾಯಿ ಜೋಡಿಸಿ ಸ್ಕ್ರೀನ್‌ಶಾಟ್ ತೆಗೆಯಬಹುದು; 6 ಸೆಂ.ಮೀ. ಮಣೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಕನಿಷ್ಠ 710 ಪಿಕ್ಸೆಲ್ ಅಗಲ ಬೇಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಕಂದು ಮನೆಗಳು ಅಚ್ಚಿನಲ್ಲಿ ಬೂದಾಗುತ್ತವೆ ಎಂಬುದು ನೆನಪಿರಲಿ.

ಐವತ್ತು ನೂರು ಚಿತ್ರಗಳಿದ್ದರೆ ಕೈಯಲ್ಲಿ ಕುಟ್ಟುತ್ತ ಕೂರಬೇಡಿ, ತಪ್ಪು ನುಸುಳದೆ ಇರುವುದಿಲ್ಲ. ಲಿಚೆಸ್‌ನ ಅದೇ ಎಡಿಟರ್ ಮಣೆಯ ಪ್ರತಿ ಸ್ಥಿತಿಗೂ ಎಫ್‌ಇಎನ್ ಎಂಬ ಒಂದು ಸಾಲಿನ ಬರಹ ಕೊಡುತ್ತದೆ. ಪುಟ ಜೋಡಿಸುವ ತಂತ್ರಾಂಶ ಲೇಟೆಕ್‌ನ ‘ಚೆಸ್‌ಬೋರ್ಡ್’ ಪ್ಯಾಕೇಜ್ ಅಥವಾ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ‘ಚೆಸ್’ ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ) ಆ ಸಾಲನ್ನು ಓದಿ ತಾನೇ ಮಣೆ ಬರೆಯುತ್ತದೆ. ಪೈಥಾನ್ ಕೊಡುವುದು ಎಸ್‌ವಿಜಿ, ಅಂದರೆ ಚುಕ್ಕಿಗಳ ಬದಲು ಗೆರೆಗಳಿಂದಾದ ಚಿತ್ರ. ಅದನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.

ನಡೆಗಳನ್ನು ಬರೆಯುವಾಗಲೂ ಕಾಯಿಯ ಹೆಸರಿನ ಬದಲು ಚಿಹ್ನೆ ಹಾಕಿ. ಕಾಸರಗೋಡಿನಲ್ಲಿ ಇದು ಬರೀ ಅಂದಕ್ಕಲ್ಲ. ಕನ್ನಡದಲ್ಲಿ ಆನೆ ಎಂದರೆ ಮೂಲೆಯ ಕಾಯಿ, ಒಂಟೆ ಓರೆಯಾಗಿ ನಡೆಯುವುದು. ಮಲಯಾಳದಲ್ಲಿ ಮೂಲೆಯದು ತೇರು, ಓರೆಯಾಗಿ ನಡೆಯುವುದೇ ಆನೆ. ಎರಡೂ ಭಾಷೆ ಬಲ್ಲ ಮಗು ‘ಆನೆ ಡಿ4ಕ್ಕೆ’ ಎಂದು ಓದಿದರೆ ತಪ್ಪು ಕಾಯಿಗೇ ಕೈ ಹಾಕಬಹುದು. ಯೂನಿಕೋಡಿನಲ್ಲಿ ಯು+2654ರಿಂದ ಯು+2659ರವರೆಗಿನ ಸಂಕೇತಗಳಲ್ಲಿ ಬಿಳಿ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಇವೆ. ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಸಿಗುತ್ತವೆ. ಕಪ್ಪಿನ ನಡೆಗೂ ಬಿಳಿ ಚಿಹ್ನೆಯನ್ನೇ ಬಳಸುವುದು ವಾಡಿಕೆ. ಇವಕ್ಕೆ ಮನೆಯ ಬಣ್ಣವಿಲ್ಲದ ಕಾರಣ ಮಣೆ ಕಟ್ಟಲು ಬರುವುದಿಲ್ಲ, ಸಾಲಿನೊಳಗಿನ ಬರಹಕ್ಕೆ ಮಾತ್ರ.