ಪೋಸ್ ಕೊಡಿಸಿ ತೆಗೆದ ಫೋಟೋ ಸುಳ್ಳೇ?

ಪ್ರಶ್ನೆ: ಬೇರೆ ಬೇರೆ ದೇಶಗಳ ಜನಜೀವನದ ಫೋಟೋ ಪುಸ್ತಕಗಳಲ್ಲಿ ಎಷ್ಟೋ ಚಿತ್ರಗಳನ್ನು ಜನರನ್ನು ನಿಲ್ಲಿಸಿ, ಕೂರಿಸಿ ತೆಗೆದಿರುತ್ತಾರಂತೆ. ಹಾಗಿದ್ದ ಮೇಲೆ ಅವನ್ನು ಡಾಕ್ಯುಮೆಂಟರಿ ಅನ್ನುವುದು ಹೇಗೆ? ಅಸಲಿ ಯಾವುದು ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ಕೇಳುವ ಧಾಟಿ ಬೇರೆ ಬೇರೆ, ಒಳಗಿರುವ ನಂಬಿಕೆ ಒಂದೇ. ಎದುರಿನವರಿಗೆ ಗೊತ್ತಾಗದ ಹಾಗೆ ಕ್ಲಿಕ್ಕಿಸಿದರೆ ನಿಜ, ಹೇಳಿ ಕೂರಿಸಿದರೆ ನಾಟಕ. ಮದುವೆಮನೆಯಲ್ಲಿ ‘ಕ್ಯಾಂಡಿಡ್’ಗೆ ಬೇರೆಯೇ ರೇಟು ಹೇಳುವ ಕಾಲ ಇದು, ನಂಬಿಕೆ ಗಟ್ಟಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ತಪ್ಪು. ಎಷ್ಟು ತಪ್ಪು ಅಂತ ಈ ಸಲ ಪೂರ್ತಿ ಬರೆದಿಡುತ್ತೇನೆ; ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿದರಾಯಿತು.

ಈ ವಾದ ಹೂಡುವವರೆಲ್ಲ ಸಾಕ್ಷಿಗೆ ಕರೆಯುವುದು ಎಡ್ವರ್ಡ್ ಕರ್ಟಿಸ್‌ನನ್ನು. ಅಮೆರಿಕದ ಸಿಯಾಟಲ್‌ನಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಈತ ಅಲ್ಲಿನ ಮೂಲನಿವಾಸಿಗಳ ಫೋಟೋ ತೆಗೆದು ‘ದಿ ನಾರ್ತ್ ಅಮೆರಿಕನ್ ಇಂಡಿಯನ್’ ಎಂಬ ಇಪ್ಪತ್ತು ಸಂಪುಟಗಳನ್ನು 1907ರಿಂದ 1930ರವರೆಗೆ ಹೊರತಂದ. ಊರೂರು ಸುತ್ತುವ ಖರ್ಚಿಗೆ 75,000 ಡಾಲರ್ ಕೊಡಲು 1906ರಲ್ಲಿ ಒಪ್ಪಿದ್ದು ಬ್ಯಾಂಕರ್ ಜೆ. ಪಿ. ಮಾರ್ಗನ್. ಪ್ರತಿ ಸಂಪುಟದ ಜೊತೆಗೆ ಬಿಡಿಹಾಳೆಗಳ ಒಂದು ದೊಡ್ಡ ಪೋರ್ಟ್‌ಫೋಲಿಯೊ. ಚಿತ್ರಗಳೆಲ್ಲ ತಾಮ್ರದ ತಗಡಿನಿಂದ ಅಚ್ಚು ಹಾಕಿದ ಫೋಟೋಗ್ರಾವ್ಯೂರ್. ಐನೂರು ಸೆಟ್ ಮಾಡುವ ಲೆಕ್ಕ ಇತ್ತು, ಮುನ್ನೂರನ್ನೂ ಮುಟ್ಟಲಿಲ್ಲ.

ಆರನೇ ಸಂಪುಟದ ಪೋರ್ಟ್‌ಫೋಲಿಯೊದಲ್ಲಿ ಪೀಗನ್ ಬುಡಕಟ್ಟಿನ ಬಿಡಾರದೊಳಗಿನ ಒಂದು ಚಿತ್ರವಿದೆ. ತೆಗೆದದ್ದು 1910ರಲ್ಲಿ. ಲಿಟ್ಲ್ ಪ್ಲೂಮ್ ಮತ್ತು ಅವರ ಮಗ ಯೆಲ್ಲೊ ಕಿಡ್ನಿ ಕೂತಿದ್ದಾರೆ, ಸುತ್ತ ಅವರ ಸಾಮಾನುಗಳಿವೆ. ಇಬ್ಬರ ನಡುವೆ ನೆಲದ ಮೇಲೆ ಒಂದು ಗಡಿಯಾರವಿತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಮೂಲ ಪ್ರಿಂಟಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಪುಸ್ತಕದ ಅಚ್ಚಿನಲ್ಲಿ ಇಲ್ಲ. ಟಚಪ್ ಮಾಡಿ ಅಳಿಸಿದ್ದಾರೆ.

‘ನೋಡಿದಿರಾ, ಎಲ್ಲ ಪೋಸು’ ಅನ್ನುತ್ತಾರೆ. ಸ್ವಲ್ಪ ನಿಧಾನಿಸಿ. ಸುಳ್ಳು ಹುಟ್ಟಿದ್ದೆಲ್ಲಿ? ಅಪ್ಪ ಮಗ ಕ್ಯಾಮೆರಾ ಮುಂದೆ ಕೂತದ್ದರಲ್ಲಲ್ಲ. ಪೋಸ್ ಕೊಟ್ಟ ಚಿತ್ರದಲ್ಲಿ ಗಡಿಯಾರ ಇದ್ದೇ ಇತ್ತು. ಅವರು 1910ರಲ್ಲಿ ಬದುಕುತ್ತಿದ್ದಾರೆ ಎಂಬ ನಿಜವನ್ನು ಅದು ಹೇಳುತ್ತಲೇ ಇತ್ತು. ಅದು ಹೋದದ್ದು ಆಮೇಲೆ, ಪುಸ್ತಕಕ್ಕೆ ಚಿತ್ರ ಸಿದ್ಧಮಾಡುವ ಮೇಜಿನ ಮೇಲೆ. ಅದೇ ಜಾಗದಲ್ಲಿ, ಯಾರಿಗೂ ಹೇಳದೆ ಬಾಗಿಲ ಸಂದಿಯಿಂದ ತೆಗೆದಿದ್ದರೂ ಗಡಿಯಾರವನ್ನು ಹಾಗೆಯೇ ಅಳಿಸಬಹುದಿತ್ತು.

ಅಳಿಸಿದ್ದಕ್ಕೆ ಕಾರಣ ಪುಸ್ತಕದ ವಾದ. ಮೊದಲ ಪೋರ್ಟ್‌ಫೋಲಿಯೊದ ಮೊದಲ ಚಿತ್ರವನ್ನೇ ನೋಡಿ: ಕುದುರೆ ಏರಿದ ನವಾಹೋ ಜನರ ಸಾಲು, ನಮಗೆ ಬೆನ್ನು, ಮುಂದೆ ಕತ್ತಲು. ಹೆಸರು ‘ಮರೆಯಾಗುತ್ತಿರುವ ಜನಾಂಗ’. ಜನಾಂಗವೇ ಮರೆಯಾಗುತ್ತಿದೆ ಎಂದು ಪುಸ್ತಕ ಶುರುವಾದ ಮೇಲೆ ಅದರೊಳಗೆ ಟಿಕ್ ಟಿಕ್ ಅನ್ನುವ ಗಡಿಯಾರಕ್ಕೆ ಜಾಗವೆಲ್ಲಿ? ಅದೇ ಹೊತ್ತಿನಲ್ಲಿ ಅವರ ಮಕ್ಕಳ ಕೂದಲು ಕತ್ತರಿಸಿ ಬೋರ್ಡಿಂಗ್ ಶಾಲೆಗಳಿಗೆ ಹಾಕುತ್ತಿದ್ದರು; ಸೂರ್ಯ ನೃತ್ಯದಂಥ ಆಚರಣೆಗಳನ್ನು 1883ರ ಸರ್ಕಾರಿ ನಿಯಮಗಳು ಅಪರಾಧವೆಂದು ಸಾರಿದ್ದವು. ಅದರ ಗುರುತು ಆ ಚಂದದ ಚಿತ್ರಗಳಲ್ಲಿಲ್ಲ. ಇನ್ನು ಮರೆಯಾಗುವ ಮಾತು: 2020ರ ಜನಗಣತಿಯಲ್ಲಿ ತಾವು ಅಮೆರಿಕದ ಮೂಲನಿವಾಸಿಗಳು ಎಂದು, ಬೇರೆ ಮೂಲದ ಜೊತೆಗಾದರೂ ಸರಿ, ಬರೆಸಿದವರು ಸುಮಾರು 97 ಲಕ್ಷ.

ಹಾಗಂತ ಕರ್ಟಿಸ್‌ನ ಕೆಲಸವನ್ನೆಲ್ಲ ಕಸದಬುಟ್ಟಿಗೆ ಹಾಕುವವರೂ ಅವಸರದವರೇ. ಎಷ್ಟೋ ಭಾವಚಿತ್ರಗಳಿಗೆ ಹೆಸರಿದೆ, ಆ ಹೆಸರು ಹಿಡಿದು ಮರಿಮಕ್ಕಳು ಇವತ್ತು ಮುತ್ತಜ್ಜನ ಮುಖ ಕಂಡುಕೊಳ್ಳುತ್ತಾರೆ. ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕ್ವಾಕಾವಾಕ್ವ್ ಜನರೊಂದಿಗೆ 1914ರಲ್ಲಿ ಆತ ಮಾಡಿದ ಚಲನಚಿತ್ರವನ್ನೂ ತೆಗೆದುಕೊಳ್ಳಿ. ವಿಗ್ಗು, ಹೊಸದಾಗಿ ಮಾಡಿಸಿದ ಉಡುಪು, ಕಟ್ಟಿಸಿದ ಮನೆ, ಎಲ್ಲವೂ ಸಿದ್ಧಪಡಿಸಿದ್ದೇ. ಆದರೆ ಅವರ ಪಾಟ್‌ಲ್ಯಾಚ್ ಎಂಬ ದಾನದ ಹಬ್ಬಕ್ಕೆ ಆಗ ಕಾನೂನಿನ ನಿಷೇಧವಿತ್ತು. 1885ರಲ್ಲಿ ಬಂದದ್ದು 1951ರವರೆಗೆ ಹೋಗಲಿಲ್ಲ. ನಿಷೇಧದ ನಡುವೆ ಕ್ಯಾಮೆರಾ ಮುಂದೆ ಕುಣಿದವರು ತಮ್ಮ ಕುಣಿತವನ್ನು ತಾವೇ ಬಲ್ಲವರು. ಅದು ಅಭಿನಯ ನಿಜ. ಸುಳ್ಳು ಅನ್ನಲು ನಾಲಗೆ ತಡವರಿಸಬೇಕು.

ಪೋಸನ್ನೇ ಮುಚ್ಚುಮರೆಯಿಲ್ಲದೆ ಕೊಡಿಸಿದವನು ಜರ್ಮನಿಯ ಆಗಸ್ಟ್ ಸಾಂಡರ್. ಗಾಜಿನ ಪ್ಲೇಟಿನ ದೊಡ್ಡ ಕ್ಯಾಮೆರಾ, ಎದುರಿನವರು ಅಲುಗಾಡುವ ಹಾಗಿಲ್ಲ. ಅವರವರ ಬಟ್ಟೆ, ಅವರವರ ಕೆಲಸದ ಜಾಗ, ಕ್ಯಾಮೆರಾಕ್ಕೆ ನೇರ ನೋಟ. ಬೇಕರಿಯವನು ಪಾತ್ರೆ ಹಿಡಿದು ಠೀವಿಯಿಂದ ನಿಂತಿದ್ದಾನೆ. ತನ್ನನ್ನು ಹೇಗೆ ತೋರಿಸಿಕೊಳ್ಳಬೇಕೆಂದು ಅವನೇ ನಿರ್ಧರಿಸಿದ ಹಾಗೆ ಕಾಣುತ್ತದೆ, ಅದೂ ಒಂದು ಮಾಹಿತಿ. 1929ರಲ್ಲಿ ಅರವತ್ತು ಭಾವಚಿತ್ರಗಳ ಪುಸ್ತಕ ಬಂತು. 1936ರಲ್ಲಿ ನಾಜಿಗಳು ಅದರ ಅಚ್ಚಿನ ಪ್ಲೇಟುಗಳನ್ನು ನಾಶಮಾಡಿದರು. ಬರೀ ನಾಟಕವಾಗಿದ್ದರೆ ಅಷ್ಟು ಕಷ್ಟಪಡುತ್ತಿರಲಿಲ್ಲ.

ಈಗ ಪೋಸಿಲ್ಲದ ಕಡೆ ಬನ್ನಿ. ರಾಬರ್ಟ್ ಫ್ರಾಂಕ್ 1955–56ರಲ್ಲಿ ಸಣ್ಣ ಲೈಕಾ ಕ್ಯಾಮೆರಾ ಹಿಡಿದು ಅಮೆರಿಕ ಸುತ್ತಿದ. 27,000ಕ್ಕೂ ಹೆಚ್ಚು ಫ್ರೇಮ್ ತೆಗೆದ. ‘ದಿ ಅಮೆರಿಕನ್ಸ್’ ಎಂಬ ಪುಸ್ತಕಕ್ಕೆ ಬಂದದ್ದು 83. ಒಂದಕ್ಕೆ ಮುನ್ನೂರಕ್ಕೂ ಹೆಚ್ಚು ಬಿಟ್ಟ ಹಾಗಾಯಿತು. ಬಿಟ್ಟವುಗಳಲ್ಲೂ ಅಮೆರಿಕವೇ ಇತ್ತು. ಆಯ್ಕೆ ಅನ್ನುವುದು ಪೋಸಿಗಿಂತ ಬಲವಾದ ಕೈ, ಆದರೆ ಚಿತ್ರದೊಳಗೆ ಅದು ಕಾಣುವುದಿಲ್ಲ.

ಚಿತ್ರಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಅಡಿಬರಹ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ನೀವು ನೋಡಿಯೇ ಇರುತ್ತೀರಿ. ಕೆಳಗಿನ ಮೂಲೆಯಲ್ಲಿ ಗುಡಾರದ ಕಂಬ ಹಿಡಿದಿದ್ದ ಹೆಬ್ಬೆರಳನ್ನು ಮುಂದೆ ಟಚಪ್‌ನಲ್ಲಿ ಮಸುಕಾಗಿಸಿದರು, ಜನ ಅದರ ಬಗ್ಗೆಯೇ ಜಗಳವಾಡುತ್ತಾರೆ. ದೊಡ್ಡ ಲೋಪ ಬೇರೆ. ಅಡಿಬರಹದಲ್ಲಿ ಬಟಾಣಿ ಕೀಳುವ ನಿರ್ಗತಿಕ ಕೂಲಿಗಳು, ಏಳು ಮಕ್ಕಳ ತಾಯಿ, ವಯಸ್ಸು 32 ಎಂದಿತ್ತು, ಹೆಸರಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1970ರ ದಶಕದ ಕೊನೆಯಲ್ಲಿ. ಹುಟ್ಟಿದ್ದು ಅಮೆರಿಕದ ಇಂಡಿಯನ್ ಟೆರಿಟರಿಯಲ್ಲಿ (ಈಗಿನ ಒಕ್ಲಹೋಮ), ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನ ಮೂಲ. ಅಂದರೆ ಕರ್ಟಿಸ್ ‘ಮರೆಯಾಗುತ್ತಿದ್ದಾರೆ’ ಅಂದ ಜನರಲ್ಲೊಬ್ಬರು ಆ ಶತಮಾನದ ಅತಿ ಪ್ರಸಿದ್ಧ ಚಿತ್ರದ ನಟ್ಟನಡುವೆ ಕೂತಿದ್ದರು. ಪಕ್ಕದಲ್ಲಿ ಬರೆದಿರಲಿಲ್ಲ, ಅಷ್ಟೇ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಎಂಟು ಸಂಪುಟಗಳಾಗಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಇದೆ, 468 ಫೋಟೋ ಅಂಟಿಸಿದ್ದು. ಚಿತ್ರಗಳನ್ನು ಮಾತ್ರ ನೋಡಿದರೆ ಸುಮ್ಮನೆ ಕೂತ ಜನ. ಪಕ್ಕದ ಬರಹ ಓದಿದರೆ ಇಂಥ ಜಾತಿ ನಂಬಿಕಸ್ಥರು, ಇಂಥವರು ಕಳ್ಳರು ಎಂಬ ತೀರ್ಪುಗಳು. 1857ರ ನಂತರದ ಆಡಳಿತದ ಭಯ ಅಲ್ಲೆಲ್ಲ ಹರಡಿದೆ. 1869ರಲ್ಲಿ, ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಆ ಪುಸ್ತಕ ಕಂಡ ಸೈಯದ್ ಅಹ್ಮದ್ ಖಾನ್, ಅದನ್ನು ತಿರುವಿ ಹಾಕುತ್ತಿದ್ದ ತಮ್ಮ ಮಗನನ್ನು ‘ನೀನೂ ಹಿಂದೂಸ್ತಾನದವನಾ?’ ಎಂದು ಒಬ್ಬ ಆಂಗ್ಲ ಕೇಳಿದಾಗ ಹುಡುಗ ನಾಚಿ ಕೆಂಪಾದದ್ದನ್ನು ಬರೆದಿದ್ದಾರೆ.

ಆದ್ದರಿಂದ ಪುಸ್ತಕ ಕೈಗೆ ಬಂದರೆ ಪೋಸ್ ಹುಡುಕುವುದನ್ನು ಬಿಟ್ಟು ಕೊನೆಯ ಪುಟಗಳಿಗೆ ಹೋಗಿ, ಚಿತ್ರಗಳ ಪಟ್ಟಿ ಇದೆಯೇ ನೋಡಿ. ವರ್ಷ, ಊರು, ಹೆಸರು ಇದ್ದರೆ ಒಳ್ಳೆಯ ಲಕ್ಷಣ. ‘ಈ ಜನರು ಹೀಗೆ ಉಡುತ್ತಾರೆ’ ಎಂಬ ಕಾಲವಿಲ್ಲದ ವಾಕ್ಯವಷ್ಟೇ ಇದ್ದರೆ ಅನುಮಾನಿಸಿ. ಉಡುಪು ಯಾರದ್ದು, ನಿತ್ಯದ್ದೋ ಹಬ್ಬದ್ದೋ ತಂದುಕೊಟ್ಟದ್ದೋ? ಕೈಗಡಿಯಾರ, ಚಪ್ಪಲಿ, ವಿದ್ಯುತ್ ತಂತಿ ಒಂದು ಪುಟದಲ್ಲೂ ಇಲ್ಲವೆಂದರೆ ಯಾರೋ ಪಕ್ಕಕ್ಕೆ ಸರಿಸಿದ್ದಾರೆ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ: ಯಾವ ಮುದ್ರಣ ಕೊಳ್ಳಬೇಕು? ಫೋಟೋ ಪುಸ್ತಕಕ್ಕೆ ಇದು ಕಾದಂಬರಿಗಿಂತ ಮುಖ್ಯ. ಫ್ರಾಂಕ್‌ನ ಪುಸ್ತಕ ಮೊದಲು 1958ರಲ್ಲಿ ಪ್ಯಾರಿಸ್‌ನಲ್ಲಿ ಬಂದಾಗ ಚಿತ್ರಗಳ ಎದುರು ಪುಟದಲ್ಲಿ ಅಮೆರಿಕದ ಬಗ್ಗೆ ಬೇರೆಯವರ ಬರಹಗಳಿದ್ದವು. ಮಾರನೇ ವರ್ಷದ ಅಮೆರಿಕನ್ ಮುದ್ರಣದಲ್ಲಿ ಆ ಪುಟಗಳು ಖಾಲಿ, ಮುಂದೆ ಕಾದಂಬರಿಕಾರ ಜ್ಯಾಕ್ ಕೆರೊವಾಕ್ ಮುನ್ನುಡಿ. ಅವೇ ಚಿತ್ರಗಳು, ಓದು ಬೇರೆ. ಕರ್ಟಿಸ್‌ನ ಒಂದೇ ಸಂಪುಟದ ಆಯ್ದ ಮರುಮುದ್ರಣಗಳು ಬಹಳ ಸಿಗುತ್ತವೆ, ಮೂಲದ ಸಾವಿರಾರು ಪುಟಗಳ ಬರಹ ಅವುಗಳಲ್ಲಿ ಸಿಗುವುದಿಲ್ಲ. ಪೂರ್ತಿ ಸೆಟ್ಟನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದೆ. ಮೊದಲು ಅಲ್ಲಿ ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ.

ಅಂಗಡಿಯಲ್ಲಿ ಹತ್ತುಪಟ್ಟಿನ ಭೂತಗನ್ನಡಿ ಹಿಡಿದು ನೋಡಿದರೆ ಆಫ್‌ಸೆಟ್ ಅಚ್ಚಿನಲ್ಲಿ ಸಾಲಾದ ಚುಕ್ಕೆಗಳು ಕಾಣುತ್ತವೆ, ಹಳೆಯ ಗ್ರಾವ್ಯೂರಿನಲ್ಲಿ ಕ್ರಮವಿಲ್ಲದ ಮರಳಿನಂಥ ಕಣ. ಎರಡು ಪುಟ ಹರಡಿದ ಚಿತ್ರದಲ್ಲಿ ಮುಖ ಬೈಂಡಿಂಗಿನ ಸಂದಿಗೆ ಬಿದ್ದಿದ್ದರೆ ಅದನ್ನು ಬಿಟ್ಟು ಬೇರೆ ಮುದ್ರಣ ಹುಡುಕಿ. ಕೊಂಡ ಮೇಲೆ ಭಾರದ ಪುಸ್ತಕವನ್ನು ನಿಲ್ಲಿಸಬೇಡಿ, ಬೆನ್ನು ಜೋತುಬೀಳುತ್ತದೆ, ಮಲಗಿಸಿಡಿ. ಕರಾವಳಿ, ಮಲೆನಾಡಿನವರು ಜೂನ್‌ಗೆ ಮೊದಲೇ ಹೊರಗೋಡೆಗೆ ತಾಗಿದ ಕಪಾಟಿನಿಂದ ಅದನ್ನು ತೆಗೆಯಿರಿ, ನುಣುಪು ಕಾಗದ ಒಮ್ಮೆ ತೇವಕ್ಕೆ ಅಂಟಿಕೊಂಡರೆ ಪುಟ ಬಿಡಿಸುವಾಗ ಚಿತ್ರವೇ ಕಿತ್ತುಬರುತ್ತದೆ.