40 ಫೋಟೊಗಳನ್ನು ನೆಲದ ಮೇಲೆ ಹರಡಿ

ಬೆಳಗ್ಗೆ ಏಳು ಗಂಟೆಗೆ ಇಬ್ಬರನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕಳಿಸಿ, 20 ನಿಮಿಷ ಫೋಟೊ ತೆಗೆದುಕೊಂಡು ಬನ್ನಿ ಅಂದರೆ ಇಬ್ಬರೂ ಒಂದೇ ಮಾರುಕಟ್ಟೆಯನ್ನು ತರುವುದಿಲ್ಲ. ಒಬ್ಬರ ಮೊಬೈಲಿನಲ್ಲಿ ಕುಂಕುಮದ ಗುಡ್ಡೆ, ಸೇವಂತಿಗೆ ಕುಕ್ಕೆ, ಮೊಳ ಹಾಕುತ್ತಿರುವ ಕೈ. ಇನ್ನೊಬ್ಬರದರಲ್ಲಿ ಅರ್ಧ ಎಳೆದ ಷಟರು, ಖಾಲಿ ಗೋಣಿಚೀಲ, ತೊಳೆದ ನೆಲದಲ್ಲಿ ನಿಂತ ನೀರು. ಎರಡೂ ಇಬ್ಬರ ಕಣ್ಣ ಮುಂದೆಯೇ ಇದ್ದವು. ಯಾವುದು ಚೌಕಟ್ಟಿನೊಳಗೆ ಬಂತು, ಯಾವುದು ಹೊರಗೆ ಉಳಿಯಿತು ಅನ್ನುವುದಷ್ಟೇ ಬೇರೆ. ಆ ಆಯ್ಕೆಯಲ್ಲಿ ಹೆಚ್ಚಿನದು ಯೋಚಿಸಿ ಮಾಡಿದ್ದಲ್ಲ. ಫೋಟೊಗಳ ಮೂಲಕ ತನ್ನನ್ನು ತಾನು ಅರಿಯುವ ಅಭ್ಯಾಸ ನಿಂತಿರುವುದು ಇದರ ಮೇಲೆ.

ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಒಂದು ಮೊಬೈಲು, ದಿನಕ್ಕೆ ಅರ್ಧ ಗಂಟೆ, ದಿನಾ ನಡೆಯುವ ಒಂದೇ ದಾರಿ ಸಾಕು. ಅದು ಕುಕ್ಕರಹಳ್ಳಿ ಕೆರೆ ಏರಿಯಾಗಬಹುದು, ಮಂಡ್ಯದ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆಯ ಪಕ್ಕದ ದಾರಿ, ಮನೆ ಬಿಟ್ಟು ಹೊರಡಲಾಗದವರಿಗೆ ಹಿತ್ತಲು. ದಾರಿ ಅದೇ ಇದ್ದರೆ ಹೋಲಿಸಿ ನೋಡುವುದು ಸುಲಭ. ದಿನಕ್ಕೆ 2 ಫೋಟೊ, 20 ದಿನ, ಒಟ್ಟು 40.

ಎರಡೇ ಏಕೆ ಅಂದರೆ, ಕ್ಯಾಮೆರಾ ನಮ್ಮ ನೋಟವನ್ನು ಹರಿತ ಮಾಡುವಂತೆ ಮೊಂಡೂ ಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಒಂದು ವಸ್ತುಸಂಗ್ರಹಾಲಯದಲ್ಲಿ ಸುತ್ತಾಡಿಸಿದರು. ಸುಮ್ಮನೆ ನೋಡಿದ ವಸ್ತುಗಳು ನೆನಪಿನಲ್ಲಿ ಉಳಿದಷ್ಟು ಫೋಟೊ ತೆಗೆದ ವಸ್ತುಗಳು ಉಳಿಯಲಿಲ್ಲ. ಆದರೆ ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ನೆನಪು ಕುಂದಲಿಲ್ಲ. ‘ಕ್ಯಾಮೆರಾ ನೋಡಿಕೊಳ್ಳುತ್ತದೆ’ ಎಂದು ಮನಸ್ಸು ಕೈಚೆಲ್ಲಿದರೆ ನಷ್ಟ, ಕ್ಯಾಮೆರಾದ ಜೊತೆ ಮನಸ್ಸೂ ದುಡಿದರೆ ಇಲ್ಲ ಅನ್ನಬಹುದು. ಹಾಗಾಗಿ ನಿಂತ ಕೂಡಲೇ ಮೊಬೈಲ್ ಎತ್ತಬೇಡಿ. ಮೂರು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು ಬರಿಗಣ್ಣಿನಲ್ಲಿ ನೋಡಿ, ಆಮೇಲೆ ತೆಗೆಯಿರಿ. ತೆಗೆದದ್ದನ್ನು ಅಳಿಸಬೇಡಿ. ಅಲುಗಾಡಿದ್ದು, ಬೆರಳು ಅಡ್ಡ ಬಂದದ್ದು ಎಲ್ಲವೂ ಇರಲಿ.

ಮೊದಲ ವಾರ ಬಹುಪಾಲು ಕ್ಯಾಲೆಂಡರ್ ಚಿತ್ರಗಳೇ ಬರುತ್ತವೆ. ದೀಪ ಹತ್ತಿದ ಅರಮನೆ, ಬೆಟ್ಟದ ನಂದಿ, ಕೆರೆಯ ಮೇಲೆ ಸೂರ್ಯ. ಅವು ಊರಿನವರೆಲ್ಲರ ಕಣ್ಣಿನ ಚಿತ್ರಗಳು, ನಿಮ್ಮದೇ ಆದವಲ್ಲ. ಬೇಸರಪಡಬೇಕಿಲ್ಲ, ಎಂಟನೆಯ ದಿನದ ಹೊತ್ತಿಗೆ ಅಂಥವು ಮುಗಿದುಹೋಗುತ್ತವೆ. ಏನು ತೆಗೆಯಬೇಕೆಂದು ತೋಚದೆ ನಿಲ್ಲುವ ಆ ದಿನವೇ ಅಭ್ಯಾಸ ನಿಜವಾಗಿ ಶುರುವಾಗುವುದು. ಆಗ ಒಂದೇ ನಿಯಮ: ಕಾಲು ತಾನಾಗಿ ಎಲ್ಲಿ ನಿಂತಿತೋ ಅಲ್ಲಿ ತೆಗೆಯಿರಿ.

ಮೊಬೈಲು ತಾನಾಗಿ ಮಾಡುವ ತಿದ್ದುಪಡಿಯ ಬಗ್ಗೆ ಎಚ್ಚರ ಬೇಕು. ಮುಸ್ಸಂಜೆಯಲ್ಲಿ ಕತ್ತಲ ಮೂಲೆಯೊಂದು ನಿಮ್ಮನ್ನು ಹಿಡಿದು ನಿಲ್ಲಿಸಿತು ಅನ್ನಿ. ನೈಟ್ ಮೋಡ್ ಹಲವು ಚಿತ್ರಗಳನ್ನು ಕೂಡಿಸಿ ಆ ಕತ್ತಲನ್ನೇ ತೊಳೆದುಬಿಡುತ್ತದೆ. ನೀವು ಕಂಡದ್ದು ಕತ್ತಲು, ಮೊಬೈಲ್ ಕೊಟ್ಟದ್ದು ಬೆಳಕು. ನೈಟ್ ಮೋಡ್ ಆಫ್ ಮಾಡಿ. ಪರದೆಯಲ್ಲಿ ಬೆಳಕಿರುವ ಜಾಗದ ಮೇಲೆ ಬೆರಳಿಟ್ಟು ಒತ್ತಿದರೆ ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆ ಎಳೆದರೆ ಕತ್ತಲು ವಾಪಸ್ಸು ಬರುತ್ತದೆ. ಬ್ಯೂಟಿ ಮೋಡ್, ಫಿಲ್ಟರ್ ಬೇಡ. ನಡೆಯುವಾಗ ಏರ್‌ಪ್ಲೇನ್ ಮೋಡ್ ಹಾಕಿ.

20 ದಿನ ಮುಗಿಯುವವರೆಗೆ ಸ್ಟೇಟಸ್‌ಗೂ ಹಾಕಬೇಡಿ. ಹಂಚಿಕೊಳ್ಳುವ ಉದ್ದೇಶದಿಂದಲೇ ಫೋಟೊ ತೆಗೆಯುವವರಿಗೆ ಆ ಹೊತ್ತಿನ ಸಂತೋಷ ಕಡಿಮೆಯಾಗುತ್ತದೆ, ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತೇನೋ ಎಂಬ ಚಿಂತೆಯೇ ಕಾರಣ ಎಂದು 2018ರಲ್ಲಿ ಅಲಿಕ್ಸಾಂಡ್ರಾ ಬರಾಷ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು.

ಇನ್ನು ಸ್ವಂತ ಮುಖ. ಫೋಟೊದಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ ಎಂದು ಕೊರಗುವವರು ಬಹಳ. ಆ ಕೊರಗಿನ ಅರ್ಧ ಬೆಳಕು ಮತ್ತು ಅಳತೆಯ ಲೆಕ್ಕ. ನಾವು ಬದುಕೆಲ್ಲ ನೋಡಿಕೊಂಡದ್ದು ಕನ್ನಡಿಯ ಮುಖ, ಎಡ-ಬಲ ತಿರುಗಿದ್ದು. ಜನ ತಮ್ಮ ಕನ್ನಡಿ ಬಿಂಬವನ್ನು ಮೆಚ್ಚುತ್ತಾರೆ, ಅವರ ಸ್ನೇಹಿತರು ತಿರುಗಿಸದ ಚಿತ್ರವನ್ನು ಮೆಚ್ಚುತ್ತಾರೆ ಎಂದು 1977ರ ಒಂದು ಪ್ರಯೋಗದಲ್ಲೇ ಕಂಡಿತ್ತು. ಯಾವುದು ರೂಢಿಯೋ ಅದು ಚೆಂದ. ಜೊತೆಗೆ ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಮೊಬೈಲ್ ಹಿಡಿದರೆ, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ. ಮೂಗು ಲೆನ್ಸಿಗೆ ಕಿವಿಗಿಂತ ತುಂಬ ಹತ್ತಿರ ಬರುವುದೇ ಇದಕ್ಕೆ ಕಾರಣ. ಹಾಗಾಗಿ ಮೊಬೈಲನ್ನು ಕಣ್ಣಿನ ಎತ್ತರಕ್ಕೆ, ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿ, ಹಿಂದಿನ ಕ್ಯಾಮೆರಾ ಬಳಸಿ, ಟೈಮರ್ 10 ಸೆಕೆಂಡಿಗೆ ಇಡಿ. ಕಿಟಕಿ ಬೆಳಕು ಪಕ್ಕದಿಂದ ಬೀಳಲಿ. ಮುಖ ಕಷ್ಟವೆನಿಸಿದರೆ ಕೈ, ಪಾದ, ಗೋಡೆಯ ಮೇಲಿನ ನೆರಳಿನಿಂದ ಶುರುಮಾಡಿ.

ಇಪ್ಪತ್ತೊಂದನೆಯ ದಿನ ಸ್ಟುಡಿಯೋಗೆ ಹೋಗಿ 40ನ್ನೂ 4x6 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲೇ ನೋಡಿದರೆ ಒಂದಾದ ಮೇಲೊಂದು ಬರುತ್ತದೆ, ಒಟ್ಟಿಗೆ ಕಾಣುವುದಿಲ್ಲ. ಮ್ಯಾಟ್ ಕಾಗದವೇ ಒಳ್ಳೆಯದು, ಗ್ಲಾಸಿಯಲ್ಲಿ ಬಲ್ಬು ಮಿನುಗುತ್ತದೆ. ಹಿಂಬದಿಯಲ್ಲಿ ತಾರೀಖನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ನು ಒತ್ತಿದರೆ ಮುಂದಕ್ಕೆ ಗೀರು ಮೂಡುತ್ತದೆ. ಎಲ್ಲವನ್ನೂ ನೆಲದ ಮೇಲೆ ಹರಡಿ, ನಿಂತು ನೋಡಿ.

ಇಲ್ಲಿ ಒಂದು ಹಳೆಯ ತಪ್ಪನ್ನು ನೆನೆಯಬೇಕು. 1850ರ ದಶಕದಲ್ಲಿ ಇಂಗ್ಲೆಂಡಿನ ಸರ್ರೆಯ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಹ್ಯೂ ಡೈಮಂಡ್ ರೋಗಿಗಳ ಫೋಟೊ ತೆಗೆದರು. ಮುಖ ನೋಡಿ ಕಾಯಿಲೆ ಓದಬಹುದು ಎಂದು ನಂಬಿ 1856ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದರು. ಆ ನಂಬಿಕೆ ಉಳಿಯಲಿಲ್ಲ. ಆದರೆ ಅವರು ಫೋಟೊಗಳನ್ನು ರೋಗಿಗಳಿಗೇ ತೋರಿಸಿದರು, ಅದರಿಂದ ಕೆಲವರಿಗೆ ಒಳ್ಳೆಯದಾದುದನ್ನೂ ಬರೆದಿಟ್ಟರು. ಉಳಿದದ್ದು ಇದು. ಚಿತ್ರದ ಅರ್ಥವನ್ನು ಹೊರಗಿನವರು ಹೇಳುವುದಲ್ಲ, ಅದರ ಒಡೆಯರೇ ನೋಡಿ ಕಂಡುಕೊಳ್ಳಬೇಕು. ಒಂಟಿ ಮರ ತೆಗೆದವರೆಲ್ಲ ಒಂಟಿಗಳಲ್ಲ. ಒಂದು ಫೋಟೊ ಏನನ್ನೂ ಹೇಳುವುದಿಲ್ಲ, ಮತ್ತೆ ಮತ್ತೆ ಬಂದದ್ದು ಹೇಳುತ್ತದೆ.

ಆದ್ದರಿಂದ ಮೊದಲು ಎಣಿಸಿ. 40ರಲ್ಲಿ ಎಷ್ಟರಲ್ಲಿ ಮನುಷ್ಯರಿದ್ದಾರೆ? ಎಷ್ಟರಲ್ಲಿ ಬೆನ್ನು ಮಾತ್ರ? ಆಲೆಮನೆಯ ಹೊಗೆಯನ್ನು ಗದ್ದೆಯ ಆಚೆಯಿಂದ ತೆಗೆದಿರೋ, ಕೊಪ್ಪರಿಗೆಯ ಬಿಸಿ ಮುಖಕ್ಕೆ ತಟ್ಟುವಷ್ಟು ಹತ್ತಿರ ಹೋಗಿದ್ದಿರೋ? ಬಾಗಿಲು, ಬೇಲಿ, ಕಿಟಕಿ ಸರಳು ಎಷ್ಟು ಸಲ ಅಡ್ಡ ಬಂದಿವೆ? ಎಣಿಸಿದ ಮೇಲೆ ನಿಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವ 5 ಚಿತ್ರ ಆರಿಸಿ, ಒಂದೊಂದಕ್ಕೂ 15 ನಿಮಿಷ ಬರೆಯಿರಿ. ‘ನಾನು ಏಕೆ ಹೀಗೆ?’ ಎಂದು ಬರೆಯಹೊರಟರೆ ಮನಸ್ಸು ಗಾಣದ ಎತ್ತಿನಂತೆ ಸುತ್ತುತ್ತದೆ. ‘ಇಲ್ಲಿ ಏನಿದೆ? ಚೌಕಟ್ಟಿನ ಆಚೆ ಏನಿತ್ತು? ಆಗ ಮೈಯಲ್ಲಿ ಏನಾಯಿತು?’ ಇಷ್ಟು ಕೇಳಿಕೊಂಡರೆ ಸಾಕು.

ಕೆಲವರು ಇಲ್ಲಿಂದ ಮನೆಯ ಆಲ್ಬಮ್ಮಿಗೆ ಹೋಗುತ್ತಾರೆ. ಯಾರು ಸದಾ ನಡುವೆ, ಯಾರು ಅಂಚಿನಲ್ಲಿ, ಯಾರು ಒಂದರಲ್ಲೂ ಇಲ್ಲ ಎಂದು ನೋಡುವುದು ಕೆನಡಾದ ಜೂಡಿ ವೈಸರ್ ಅವರಂಥ ಚಿಕಿತ್ಸಕರು ದಶಕಗಳಿಂದ ಬಳಸುತ್ತಿರುವ ವಿಧಾನ. ಅಂಟು ಹಾಳೆಯ ಹಳೆ ಆಲ್ಬಮ್ಮಿನಿಂದ ಫೋಟೊ ಕಿತ್ತರೆ ಹರಿಯುತ್ತದೆ, ಕಿಟಕಿ ಬಳಿ ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆದರೆ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಬಾಲ್ಯದ ನೆನಪು ಗಾಯವಾಗಿದ್ದರೆ, ಒಬ್ಬರೇ ಕೂತು ಆಲ್ಬಂ ತೆರೆಯಬೇಡಿ. ಎದೆ ಡವಗುಟ್ಟಿದರೆ, ನಿದ್ದೆ ಕೆಟ್ಟರೆ, ಬೇಸರ ಎರಡು ವಾರ ದಾಟಿದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಸ್ವಂತಕ್ಕೆ ಮಾಡುವ ಈ ಅಭ್ಯಾಸ ಚಿಕಿತ್ಸೆಯ ಜಾಗಕ್ಕೆ ಬರಲಾರದು.

ಎಣಿಕೆಯಲ್ಲಿ ಕಂಡದ್ದನ್ನು ತೀರ್ಪು ಎಂದುಕೊಳ್ಳದೆ ಪರೀಕ್ಷೆಗೆ ಇಡಬೇಕು. 40ರಲ್ಲಿ ಮನುಷ್ಯರೇ ಇಲ್ಲ ಅನ್ನಿ. ಅದು ಒಂಟಿತನವೋ, ಕೇಳಲು ಸಂಕೋಚವೋ, ಬೆಳಗಿನ ಆರು ಗಂಟೆಗೆ ನಾಲೆ ದಾರಿಯಲ್ಲಿ ಯಾರೂ ಇರುವುದಿಲ್ಲವೋ? ಇನ್ನೂ 10 ದಿನ, ಅದೇ ದಾರಿ, ಸಂಜೆ ಐದೂವರೆಗೆ. ಹುಲ್ಲಿನ ಹೊರೆ ಹೊತ್ತು ಎದುರು ಬರುವವರನ್ನು ‘ಒಂದು ಫೋಟೊ ತಗೊಳ್ಲಾ ಅಕ್ಕ?’ ಎಂದು ಕೇಳಿ. ಬೇಡ ಅಂದರೆ ಬಿಡಿ. ಹೂಂ ಅಂದರೆ ಅವರ ಫೋಟೊ ತೆಗೆದು, ಮೊದಲು ಅವರಿಗೇ ತೋರಿಸಿ.